ಬಿಸಿನೀರಿನ ತೊಟ್ಟಿಗೆ ಎಡಿಸನ್‌ನ ಮೂರು ತಂತಿ

ಅಮೆರಿಕದಲ್ಲಿ ನೆಲೆಸಿದ ನೆಂಟರ ಮನೆಗೆ ಹೋಗಿಬಂದವರು ಹಿತ್ತಲಿನ ‘ಹಾಟ್ ಟಬ್’ ನೋಡಿರಬಹುದು. ನಾಲ್ಕಾರು ಮಂದಿ ಒಟ್ಟಿಗೆ ಕುಳಿತು ಮೈ ಕಾಯಿಸಿಕೊಳ್ಳುವ ಬಿಸಿನೀರಿನ ತೊಟ್ಟಿ ಅದು. ಕೊಳ್ಳುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ: 120 ವೋಲ್ಟಿನದೋ, 240 ವೋಲ್ಟಿನದೋ? ದೀಪಕ್ಕೂ ಗೀಸರಿಗೂ ಒಂದೇ 230 ವೋಲ್ಟ್ ಬಳಸುವ ನಮಗೆ ಇದು ವಿಚಿತ್ರ. ಒಂದೇ ಮನೆಯಲ್ಲಿ ಎರಡು ವೋಲ್ಟೇಜ್ ಹೇಗೆ ಬಂತು?

ಇದರ ಮೂಲ ತಾಮ್ರದ ಖರ್ಚಿನಲ್ಲಿದೆ. ಥಾಮಸ್ ಎಡಿಸನ್ 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ವಿದ್ಯುತ್ ಹರಿಸಿದಾಗ ಅವನ ದೀಪಗಳು ಸುಮಾರು 110 ವೋಲ್ಟಿನವು. ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಶಕ್ತಿಗೆ ಹೆಚ್ಚು ಕರೆಂಟ್ ಹರಿಯಬೇಕು, ತಂತಿ ದಪ್ಪವಾಗಬೇಕು. ವೋಲ್ಟೇಜ್ ಇಮ್ಮಡಿಸಿದರೆ ದೀಪ ಸುಟ್ಟುಹೋಗುತ್ತದೆ. ಎಡಿಸನ್ ಉಪಾಯ ಹೂಡಿದ. ಎರಡು ಡೈನಮೋಗಳನ್ನು ಸರಣಿಯಲ್ಲಿ ಜೋಡಿಸಿ ಮೂರು ತಂತಿ ಎಳೆದ. ಆಚೀಚೆಯ ಎರಡರ ನಡುವೆ 220 ವೋಲ್ಟ್. ನಡುವಿನ ತಂತಿಗೂ ಯಾವುದಾದರೊಂದು ಅಂಚಿಗೂ ನಡುವೆ 110. ತಾಮ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯ! 1883ರ ಜುಲೈ 4ರಂದು ಪೆನ್ಸಿಲ್ವೇನಿಯಾದ ಸನ್‌ಬರಿ ಎಂಬ ಪುಟ್ಟ ಊರಿನಲ್ಲಿ ಈ ಏರ್ಪಾಡು ಚಾಲೂ ಆಯಿತು.

ಎಡಿಸನ್‌ನ ಡಿ.ಸಿ. ವಿದ್ಯುತ್ ಮುಂದೆ ಎ.ಸಿ.ಗೆ ಸೋತಿತು. ಮೂರು ತಂತಿ ಮಾತ್ರ ಗೆದ್ದು ಉಳಿಯಿತು. ಇಂದಿಗೂ ಅಮೆರಿಕದ ಮನೆಗೆ ಬರುವುದು ಎರಡು ಲೈವ್, ಒಂದು ನ್ಯೂಟ್ರಲ್. ದೀಪ, ಟಿ.ವಿ.ಗೆ 120, ಒಲೆ, ಬಟ್ಟೆ ಒಣಗಿಸುವ ಯಂತ್ರಕ್ಕೆ 240.

ತೊಟ್ಟಿಯ ಲೆಕ್ಕ ನೋಡಿ. 1500 ಲೀಟರ್ ನೀರನ್ನು 20 ಡಿಗ್ರಿಯಿಂದ 38ಕ್ಕೆ ಏರಿಸಬೇಕು. ಗೋಡೆಯ ಸಾಮಾನ್ಯ 120 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸುವ ತೊಟ್ಟಿಯಲ್ಲಿ ಹೀಟರ್ ಸುಮಾರು ಒಂದೂವರೆ ಕಿಲೊವಾಟಿನದು. ಶಾಖ ಸ್ವಲ್ಪವೂ ಸೋರದಿದ್ದರೂ 21 ಗಂಟೆ ಬೇಕು. 240 ವೋಲ್ಟಿನ ಐದೂವರೆ ಕಿಲೊವಾಟ್ ಹೀಟರಿಗೆ ಆರು ಗಂಟೆ ಸಾಕು. ಆದರೆ ಅದಕ್ಕೆ ಪ್ರತ್ಯೇಕ ದಪ್ಪ ತಂತಿ ಎಳೆಸಬೇಕು, ಎಲೆಕ್ಟ್ರೀಷಿಯನ್ ಕೂಲಿ ತೆರಬೇಕು.

120 ವೋಲ್ಟ್ ಕಡಿಮೆ, ಹಾಗಾಗಿ ಅಪಾಯವಿಲ್ಲ ಎಂದುಕೊಂಡರೆ ಕೆಟ್ಟಿರಿ. ಒದ್ದೆ ಮೈಗೆ ಅದೇ ಸಾಕು. ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ಬಿಡಲು ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್ ವರೆಗೆ, ಹೆಂಗಸರಿಗೆ ಹತ್ತೂವರೆವರೆಗೆ ಮಾತ್ರ ಸಾಧ್ಯವೆಂದು ಕಂಡುಕೊಂಡರು. ಅರವತ್ತು ವಾಟಿನ ಬಲ್ಬು ಅಲ್ಲಿ 500 ಮಿಲಿಆಂಪಿಯರ್ ಎಳೆಯುತ್ತದೆ! 15 ಆಂಪಿಯರಿನ ಫ್ಯೂಸಿಗೆ ಇಷ್ಟು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. 1961ರಲ್ಲಿ ಡಾಲ್ಜೀಲ್ ರೂಪಿಸಿದ ಸಾಧನ, ಹೋದ ಕರೆಂಟನ್ನೂ ಮರಳಿದ ಕರೆಂಟನ್ನೂ ತೂಗಿ, ಐದು ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೂ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅಲ್ಲಿ ಹಾಟ್ ಟಬ್ಬಿಗೆ ಈಗ ಇದು ಕಡ್ಡಾಯ.

240 ವೋಲ್ಟಿನ ಅನೇಕ ತೊಟ್ಟಿಗಳಿಗೆ ನಾಲ್ಕು ತಂತಿ ಹೋಗುತ್ತವೆ: ಎರಡು ಲೈವ್, ನ್ಯೂಟ್ರಲ್, ಅರ್ತ್. ಒಳಗಿನ ಕೆಲವು ಸಣ್ಣ ಭಾಗಗಳು 120 ವೋಲ್ಟಿನವು. ನ್ಯೂಟ್ರಲ್ ಬೇಕಾಗುವುದು ಅವಕ್ಕೆ. ಎಡಿಸನ್‌ನ ಆ ನಡುವಿನ ತಂತಿಯೇ ಇದು. ತೊಟ್ಟಿಯಿಂದ ಮರಳುವ ಈ ತಂತಿಯನ್ನು ಡಾಲ್ಜೀಲ್ ಸಾಧನದ ಮೂಲಕ ಹಾಯಿಸದೆ ನೇರ ಮುಖ್ಯ ಪೆಟ್ಟಿಗೆಗೆ ಕೊಟ್ಟರೆ ಸಾಧನಕ್ಕೆ ಲೆಕ್ಕ ತಪ್ಪುತ್ತದೆ. ಎಲ್ಲೂ ಸೋರಿಕೆಯಿಲ್ಲದಿದ್ದರೂ ಸ್ವಿಚ್ ಹಾಕಿದೊಡನೆ ಕರೆಂಟ್ ಹೋಗುತ್ತದೆ.