ನಡುವಿನ ಪ್ರತಿ

ಫಿಲ್ಮಿನ ಕಾಲದಲ್ಲಿ ಸಂಕಲನಕಾರರು ಮೂಲ ನೆಗೆಟಿವ್ ಮುಟ್ಟುತ್ತಿರಲಿಲ್ಲ. ಲ್ಯಾಬಿನಲ್ಲಿ ಅದರಿಂದ ರಷ್ ಪ್ರಿಂಟ್ ತೆಗೆದು, ಅದನ್ನೇ ಕತ್ತರಿಸಿ, ಅಂಟಿಸಿ, ಮತ್ತೆ ಬಿಚ್ಚಿ, ಎಲ್ಲ ತೀರ್ಮಾನವಾದ ಮೇಲಷ್ಟೇ ನೆಗೆಟಿವ್‌ಗೆ ಕತ್ತರಿ. ಮದ್ರಾಸಿನ ಲ್ಯಾಬುಗಳನ್ನು ನಂಬಿಕೊಂಡಿದ್ದ ನಮ್ಮ ಕನ್ನಡ ಚಿತ್ರಗಳೂ ಬಹುಕಾಲ ಹೀಗೇ ಸಿದ್ಧವಾದವು. ಕಂಪ್ಯೂಟರ್ ಬಂದಮೇಲೆ ಇಂಥ ನಡುವಿನ ಪ್ರತಿಯ ಕಾಲ ಮುಗಿಯಿತು ಅನ್ನಿಸಿತ್ತು. ಅದು ವೇಷ ಬದಲಿಸಿ ಮರಳಿತು.

1995ರಲ್ಲಿ ಬಂದ ಡಿವಿ ಕ್ಯಾಸೆಟ್ಟಿನಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಸೆಕೆಂಡಿಗೆ 25 ಮೆಗಾಬಿಟ್. ಎಲ್ಲಿ ಬೇಕಾದರೂ ಕತ್ತರಿಸಬಹುದಿತ್ತು. 2003ರಲ್ಲಿ ಎಚ್‌ಡಿವಿ ಬಂತು. ಅದೇ ಕ್ಯಾಸೆಟ್, 1080 ಗೆರೆಗಳ ಬಗೆಯಲ್ಲೂ ಅದೇ 25 ಮೆಗಾಬಿಟ್, ಚಿತ್ರ ಮಾತ್ರ ಸುಮಾರು ನಾಲ್ಕು ಪಟ್ಟು ದೊಡ್ಡದು. ಹಿಡಿಸಿದ್ದು ಹೇಗೆ? ಹನ್ನೆರಡೋ ಹದಿನೈದೋ ಫ್ರೇಮಿಗೊಮ್ಮೆ ಮಾತ್ರ ಪೂರ್ಣ ಚಿತ್ರ. ಉಳಿದವುಗಳಲ್ಲಿ ಹಿಂದಿನ, ಕೆಲವೊಮ್ಮೆ ಮುಂದಿನ ಫ್ರೇಮಿಗೂ ಇದಕ್ಕೂ ಏನು ವ್ಯತ್ಯಾಸ ಎಂಬ ಲೆಕ್ಕವಷ್ಟೇ. ಸುಮ್ಮನೆ ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಒಂಬತ್ತನೆಯ ಫ್ರೇಮಿನಲ್ಲಿ ಕತ್ತರಿಸಬೇಕೆಂದರೆ ಕಂಪ್ಯೂಟರ್ ಮೊದಲನೆಯದಕ್ಕೆ ಹೋಗಿ ಲೆಕ್ಕ ಹಾಕುತ್ತಾ ಬರಬೇಕು. ಹಿಮ್ಮುಖವಾಗಿ ಓಡಿಸಿದರಂತೂ ಅಂದಿನ ಯಂತ್ರಗಳು ಏದುಸಿರು ಬಿಡುತ್ತಿದ್ದವು.

ಹಾಗಾಗಿ ಪ್ರತಿ ಫ್ರೇಮನ್ನೂ ಮತ್ತೆ ಪೂರ್ಣವಾಗಿ ಬರೆದಿಡುವ ಮಾದರಿಗಳು ಬೇಕಾದವು: 2004ರಲ್ಲಿ ಆವಿಡ್ ಕಂಪನಿಯ ಡಿಎನ್‌ಎಕ್ಸ್‌ಎಚ್‌ಡಿ, 2007ರಲ್ಲಿ ಆ್ಯಪಲ್‌ನ ಪ್ರೊರೆಸ್. ಮರುವರ್ಷ ಕ್ಯಾನನ್ 5ಡಿ ಮಾರ್ಕ್ 2 ಎಂಬ ಸ್ಟಿಲ್ ಕ್ಯಾಮೆರಾ ಪೂರ್ಣ ಎಚ್‌ಡಿ ವಿಡಿಯೋ ತೆಗೆಯತೊಡಗಿತು. 2010ರಲ್ಲಿ 'ಹೌಸ್' ಎಂಬ ಅಮೆರಿಕದ ಟಿವಿ ಸರಣಿಯ ಒಂದು ಇಡೀ ಕಂತನ್ನೇ ಅದರಲ್ಲಿ ಚಿತ್ರೀಕರಿಸಿದರು. ಅದರ ಎಚ್.264 ಕಡತ ಸೆಕೆಂಡಿಗೆ ಸುಮಾರು 38 ಮೆಗಾಬಿಟ್; ಪ್ರೊರೆಸ್ 422ಕ್ಕೆ ಬದಲಿಸಿದರೆ 147. ರಾತ್ರಿ ಪರಿವರ್ತನೆಗೆ ಹಾಕಿ ಮಲಗಿದರೆ ಬೆಳಿಗ್ಗೆ ಡಿಸ್ಕ್ ತುಂಬಿರುತ್ತಿತ್ತು.

ಕಡತ ನಾಲ್ಕು ಪಟ್ಟು ಹಿಗ್ಗಿದರೂ ಚಿತ್ರ ಕೂದಲೆಳೆಯಷ್ಟೂ ಉತ್ತಮವಾಗುವುದಿಲ್ಲ. ಕ್ಯಾಮೆರಾ ಬಿಸಾಡಿದ ವಿವರವನ್ನು ಯಾವ ಪರಿವರ್ತನೆಯೂ ಹುಟ್ಟಿಸಲಾರದು. ಆದರೂ ದೊಡ್ಡದೇ ಅಸಲು ಎಂದುಕೊಂಡು, ಜಾಗ ಸಾಲದಾದಾಗ ಮೂಲವನ್ನೇ ಅಳಿಸಿದವರಿದ್ದಾರೆ. ನಾನೂ ಅವರಲ್ಲೊಬ್ಬ. ಇದರ ನಷ್ಟ ತಕ್ಷಣ ಕಾಣದು. ಮೊದಮೊದಲು 5ಡಿ ಕಡತಗಳ ಬೆಳಕಿನ ವ್ಯಾಪ್ತಿಯನ್ನು ಕೆಲವು ತಂತ್ರಾಂಶಗಳು ತಪ್ಪಾಗಿ ಓದುತ್ತಿದ್ದವು. ನೆರಳಿನ ವಿವರಗಳು ಕಪ್ಪಿನಲ್ಲಿ ಹೂತುಹೋಗುತ್ತಿದ್ದವು. ಮುಂದೆ ತಂತ್ರಾಂಶ ಸರಿಹೋದಾಗ, ಮೂಲ ಉಳಿಸಿಕೊಂಡವರು ಮತ್ತೊಮ್ಮೆ ಪರಿವರ್ತಿಸಿ ಆ ನೆರಳುಗಳನ್ನು ಮರಳಿ ಪಡೆದರು. ಉಳಿದವರ ಬಳಿ ಇದ್ದದ್ದು ರಷ್ ಪ್ರಿಂಟ್ ಮಾತ್ರ.