ದೋಣಿಯ ಮೋಟಾರು ಮತ್ತು ಅದರ ದೀಪ

ಮಹಾಲಿಂಗಪುರ ಎಂದೊಡನೆ ನೆನಪಿಗೆ ಬರುವುದು ಬೆಲ್ಲದ ಪೇಟೆ, ಮಗ್ಗದ ಸದ್ದು, ಮಹಾಲಿಂಗೇಶ್ವರನ ಜಾತ್ರೆ. ಹೊಳೆಯಾಗಲಿ ದೋಣಿಯಾಗಲಿ ಯಾರ ನೆನಪಿಗೂ ಬರುವುದಿಲ್ಲ. ಆದರೆ ನಕಾಶೆಯನ್ನು ಬಿಡಿಸಿ ನೋಡಿದರೆ ಈ ಊರು ಎರಡು ನದಿಗಳ ನಡುವೆ ಕುಳಿತಿದೆ. ಉತ್ತರಕ್ಕೆ ರಬಕವಿಯ ಅಂಚಿನಲ್ಲಿ ಕೃಷ್ಣೆ, ದಕ್ಷಿಣಕ್ಕೆ ಮುಧೋಳದ ಬದಿಯಲ್ಲಿ ಘಟಪ್ರಭೆ. ರಬಕವಿಯಿಂದ ಆಚೆ ದಡದ ಮಹಿಷವಾಡಗಿಗೆ ದೋಣಿಯಲ್ಲಿ ದಾಟುವ ರೂಢಿ ಬಹುಕಾಲದ್ದು. 1989ರಲ್ಲಿ ಜಮಖಂಡಿ ತಾಲ್ಲೂಕಿನ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿದರು. ಕೆಳಗೆ ಆಲಮಟ್ಟಿ ಜಲಾಶಯ ತುಂಬತೊಡಗಿದ ಮೇಲೆ ಅದರ ಹಿನ್ನೀರು ಬೀಳಗಿ, ಜಮಖಂಡಿಗಳ ಕಡೆಗೂ ಹರಡಿತು. ಬೇಸಿಗೆಯಲ್ಲಿ ಮರಳು ಕಾಣುತ್ತಿದ್ದ ಹೊಳೆಯಲ್ಲಿ ಈಗ ನೀರು ನಿಲ್ಲುತ್ತದೆ. ನೀರು ನಿಂತಲ್ಲಿ ದೋಣಿಯೂ ಇರುತ್ತದೆ.

ಈ ಸೀಮೆಯವರು ದೋಣಿಯ ಬೆಲೆಯನ್ನು ಕಲಿತದ್ದು ಮಾತ್ರ ಪ್ರವಾಹದ ವರ್ಷಗಳಲ್ಲಿ. 2005ರಲ್ಲಿ, 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಹೊಳೆ ಊರೊಳಗೆ ಬಂದಿತು. ಆಗ ನಡುಗಡ್ಡೆಯಾದ ತೋಟದ ವಸ್ತಿಗಳಿಂದ ಜನರನ್ನು ತಂದವು ಹಿಂಬದಿಗೆ ಸಣ್ಣ ಮೋಟಾರು ಕಟ್ಟಿದ ದೋಣಿಗಳು. ಇಂಥ ದೋಣಿಯನ್ನು ಕಂಡವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಹಾರ್ಸ್‌ಪವರ್?’ ಎಂಬುದು. ರಾತ್ರಿ ಮುಳುಗಿದ ಬೇಲಿ, ವಿದ್ಯುತ್ ಕಂಬ, ಮರದ ಟೊಂಗೆಗಳ ನಡುವೆ ದಾರಿ ಹುಡುಕುವ ಅಂಬಿಗನಿಗೆ ಬೇರೊಂದು ಪ್ರಶ್ನೆಯೂ ಅಷ್ಟೇ ಮುಖ್ಯ. ದೀಪಕ್ಕೆ ಕರೆಂಟು ಎಲ್ಲಿಂದ? ಅದಕ್ಕೆ ಉತ್ತರ ಆ ಮೋಟಾರಿನ ಒಳಗೇ ಇದೆ. ಅದು ಅಲ್ಲಿಗೆ ಬಂದ ಕಥೆ ಸ್ವಾರಸ್ಯವಾಗಿದೆ.

ಬ್ಯಾಟರಿಯಿಂದ ಬಿಡುಗಡೆ

ಅಂಬಿಗರ ಚೌಡಯ್ಯನ 12ನೆಯ ಶತಮಾನದಿಂದ ಮೊನ್ನೆಮೊನ್ನೆಯವರೆಗೂ ದೋಣಿಯನ್ನು ನಡೆಸಿದ್ದು ತೋಳಿನ ಬಲ, ಇಲ್ಲವೆ ಗಾಳಿ. ದೋಣಿಯ ಹಿಂಬದಿಗೆ ಸಿಕ್ಕಿಸಿ, ಬೇಡವಾದಾಗ ಬಿಚ್ಚಿ ಹೆಗಲಿಗೇರಿಸಬಹುದಾದ ಮೋಟಾರು ಬಳಕೆಯಲ್ಲಿ ನೆಲೆಯೂರತೊಡಗಿದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ, ಅಮೆರಿಕದಲ್ಲಿ. ಅದನ್ನು ಮನೆಮಾತಾಗಿಸಿದವನು ನಾರ್ವೆಯಲ್ಲಿ ಹುಟ್ಟಿ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್. ಅವನು 1909ರಲ್ಲಿ ಮಾರಾಟಕ್ಕಿಟ್ಟ ಮೋಟಾರಿನ ಶಕ್ತಿ ಒಂದೂವರೆ ಅಶ್ವಬಲ, ತೂಕ ಸುಮಾರು 28 ಕಿಲೊ.

ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ವಿದ್ಯುತ್ತು ಬೇಕು. ಎವಿನ್‌ರೂಡ್‌ನ ಮೊದಲ ಮೋಟಾರುಗಳು ಅದನ್ನು ಒಣ ಬ್ಯಾಟರಿಯಿಂದ ಪಡೆಯುತ್ತಿದ್ದವು. ನೀರು ಸಿಡಿಯುವ ದೋಣಿಯಲ್ಲಿ ಬ್ಯಾಟರಿಯ ಪೆಟ್ಟಿಗೆ ನೆನೆಯುತ್ತಿತ್ತು. ಸೆಲ್ಲುಗಳು ಹೇಳದೆ ಕೇಳದೆ ಸಾಯುತ್ತಿದ್ದವು. ನಡುಹೊಳೆಯಲ್ಲಿ ಬ್ಯಾಟರಿ ಕೈಕೊಟ್ಟರೆ ಮೋಟಾರು ಬರೀ ಭಾರ. ಈ ತಾಪತ್ರಯದಿಂದ ಬಿಡಿಸಿದ್ದು ಮ್ಯಾಗ್ನೆಟೊ.

ಅಯಸ್ಕಾಂತವನ್ನು ತಂತಿಯ ಸುರುಳಿಯ ಬಳಿ ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ ತೋರಿಸಿದ್ದು 1831ರಲ್ಲಿ. ಜರ್ಮನಿಯ ರಾಬರ್ಟ್ ಬಾಷ್ ಒಂದು ಸ್ಥಿರ ಎಂಜಿನ್ನಿಗಾಗಿ ಕಿಡಿ ಹೊತ್ತಿಸುವ ಮ್ಯಾಗ್ನೆಟೊ ತಯಾರಿಸಿದ್ದು 1887ರಲ್ಲಿ. ಘಟಪ್ರಭೆಯ ಧುಮುಕುವ ನೀರಿನ ಬಲದಿಂದ ಗೋಕಾಕ ಫಾಲ್ಸ್‌ನ ಹತ್ತಿ ಗಿರಣಿ ಓಡತೊಡಗಿದ ವರ್ಷವೂ ಅದೇ. 1902ರಲ್ಲಿ ಬಾಷ್ ಕಾರ್ಖಾನೆಯ ಗಾಟ್‌ಲೋಬ್ ಹೊನೊಲ್ಡ್ ಅದನ್ನು ಸುಧಾರಿಸಿ, ಹೆಚ್ಚು ವೇಗದ ಎಂಜಿನ್ನಿಗೂ ಒಗ್ಗುವ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ರೂಪಿಸಿದ. ಅದೇ ವರ್ಷ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ದೊಡ್ಡ ಜಲವಿದ್ಯುತ್ ಕೇಂದ್ರಕ್ಕೂ ಮುಷ್ಟಿಗಾತ್ರದ ಮ್ಯಾಗ್ನೆಟೊಗೂ ತತ್ವ ಒಂದೇ: ತಿರುಗುವ ಚಕ್ರ, ಅಯಸ್ಕಾಂತ, ತಂತಿ.

ದೋಣಿಯ ಮೋಟಾರು ಮಾಡುವವರು ಈ ಅಯಸ್ಕಾಂತವನ್ನು ಎಂಜಿನ್ನಿನ ಫ್ಲೈವೀಲಿನ ಒಳಗೇ ಕೂಡಿಸಿದರು. ಜಾನ್ಸನ್ ಸೋದರರು 1922ರಲ್ಲಿ ತಂದ, ಸುಮಾರು 16 ಕಿಲೊ ತೂಕದ ಹಗುರ ಮೋಟಾರಿನಲ್ಲಿ ಇಂಥದೇ ಮ್ಯಾಗ್ನೆಟೊ ಇತ್ತು. ಹಗ್ಗ ಸುತ್ತಿ ಎಳೆದರೆ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಕಿಡಿ ಹಾರುತ್ತದೆ. ನಡುವೆ ಬ್ಯಾಟರಿಯ ಹಂಗಿಲ್ಲ. ಕರಾವಳಿಯ ನಾಡದೋಣಿಗಳಲ್ಲಿ ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಗೆ ಹೊರಳುವ ಔಟ್‌ಬೋರ್ಡ್ ಎಂಜಿನ್ನುಗಳೂ, ಪ್ರವಾಹದಲ್ಲಿ ಬರುವ ಹಗ್ಗದ ಮೋಟಾರುಗಳೂ ಈ ಕುಲದವೇ.

ಮತ್ತೆ ಬಂದ ಬ್ಯಾಟರಿ

ಹೊರಗೆ ಹಾಕಿದ ಬ್ಯಾಟರಿ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಿತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್‌ನ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಕೈಯಿಂದ ಎಂಜಿನ್ ತಿರುಗಿಸುವುದು ಹಳೆಯ ಮಾತಾಯಿತು. 1930ರ ಸುಮಾರಿಗೆ ದೋಣಿಯ ದೊಡ್ಡ ಮೋಟಾರುಗಳಲ್ಲೂ ಸ್ಟಾರ್ಟರ್ ಕಾಣಿಸಿತು. ಅದಕ್ಕೆ ಬ್ಯಾಟರಿ ಬೇಕು, ದೀಪಕ್ಕೂ ಬ್ಯಾಟರಿ ಬೇಕು. ಈ ಸಲ ಬಂದದ್ದು ಬಳಸಿ ಬಿಸಾಡುವ ಸೆಲ್ಲಲ್ಲ, 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ಕಂಡುಹಿಡಿದ ಸೀಸ–ಆಮ್ಲದ, ಮತ್ತೆಮತ್ತೆ ತುಂಬಬಹುದಾದ ಬ್ಯಾಟರಿ.

ಅದನ್ನು ತುಂಬುವುದು ಹೇಗೆ? ಮನೆಗೆ ಕರೆಂಟು ಬರುವ ಮುಂಚೆ ರೇಡಿಯೋದ ಬ್ಯಾಟರಿಯನ್ನು ಪೇಟೆಯ ಚಾರ್ಜಿಂಗ್ ಅಂಗಡಿಗೆ ಒಯ್ದುಕೊಟ್ಟು, ಮರುದಿನ ಹೊತ್ತು ತರುವ ಪದ್ಧತಿ ಹಿರಿಯರಿಗೆ ನೆನಪಿರಬಹುದು. ದೋಣಿಯ ಬ್ಯಾಟರಿಗೂ ಮೊದಲು ಇದೇ ದಾರಿ. ಆದರೆ ಫ್ಲೈವೀಲಿನ ಅಯಸ್ಕಾಂತ ಹೇಗೂ ತಿರುಗುತ್ತಲೇ ಇದೆಯಲ್ಲ! ಕಿಡಿಯ ಕಾಯಿಲಿನ ಪಕ್ಕದಲ್ಲಿ ಇನ್ನೊಂದು ಕಾಯಿಲ್ ಕೂಡಿಸಿದರೆ ಅದೇ ಚಕ್ರ ದೀಪಕ್ಕೂ ದುಡಿಯುತ್ತದೆ. ಸೈಕಲ್ಲಿನ ಡೈನಮೊ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ತೊಡಕಿತ್ತು. ಈ ಕಾಯಿಲಿನಿಂದ ಬರುವುದು ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತು. ಬಲ್ಬಿಗೆ ಅದು ಸಾಕು, ಬ್ಯಾಟರಿಗೆ ಒಲ್ಲದು. ಬ್ಯಾಟರಿಗೆ ಒಂದೇ ದಿಕ್ಕಿನ ಪ್ರವಾಹ ಬೇಕು. 1950ರ ದಶಕದಲ್ಲಿ ಬಳಕೆಗೆ ಬಂದ ಸಿಲಿಕಾನ್ ಡಯೋಡು ಈ ತೊಡಕನ್ನು ಬಿಡಿಸಿತು. ಡಯೋಡು ಎಂದರೆ ಪಂಪಿನ ಫುಟ್‌ವಾಲ್ವ್ ಇದ್ದ ಹಾಗೆ. ಒಂದೇ ಕಡೆಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಇಂಥ ನಾಲ್ಕನ್ನು ಜೋಡಿಸಿದರೆ ರೆಕ್ಟಿಫೈಯರ್ ಆಗುತ್ತದೆ.

ಜೋಡಣೆಯ ಗುಟ್ಟು

ವೈರಿಂಗಿನ ದಾರಿ ಸರಳ. ಕಾಯಿಲಿನ ಎರಡು ತುದಿಗಳು ರೆಕ್ಟಿಫೈಯರಿನಲ್ಲಿ ಅಲೆಯ ಗುರುತಿರುವ ಎರಡು ಕಡೆಗಳಿಗೆ ಹೋಗುತ್ತವೆ. ಅದರ ಪ್ಲಸ್ಸಿನಿಂದ ಹೊರಟ ತಂತಿ ಫ್ಯೂಸಿನ ಮೂಲಕ ಬ್ಯಾಟರಿಯ ಪ್ಲಸ್ಸಿಗೆ, ಮೈನಸ್ಸಿನ ತಂತಿ ಬ್ಯಾಟರಿಯ ಮೈನಸ್ಸಿಗೆ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಏಕೆಂದರೆ ದಾರಿಯಲ್ಲಿ ತಂತಿ ಸವೆದು ಲೋಹಕ್ಕೆ ತಾಗಿದರೆ ಬೆಂಕಿ ಹತ್ತಿಸುವಷ್ಟು ಶಕ್ತಿ ಇರುವುದು ಬ್ಯಾಟರಿಯಲ್ಲಿ, ಸಣ್ಣ ಕಾಯಿಲಿನಲ್ಲಲ್ಲ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಡಯೋಡುಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಟ್ಟುಹೋಗುತ್ತವೆ. ತಂತಿಯ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಬಣ್ಣವನ್ನು ನಂಬದೆ ಮೀಟರ್ ಹಿಡಿದು ನೋಡಿಯೇ ಜೋಡಿಸುವುದು ಕ್ಷೇಮ.

ಕಾರಿನ ಆಲ್ಟರ್ನೇಟರಿಗೂ ಇದಕ್ಕೂ ಒಂದು ಭೇದವಿದೆ. ಕಾರಿನಲ್ಲಿ ಅಯಸ್ಕಾಂತದ ಬಲವನ್ನೇ ಹೆಚ್ಚುಕಡಿಮೆ ಮಾಡಬಹುದು. ಫ್ಲೈವೀಲಿನ ಅಯಸ್ಕಾಂತ ಶಾಶ್ವತವಾದದ್ದು, ಅದರ ಬಲ ತಗ್ಗಿಸಲು ಬರುವುದಿಲ್ಲ. ಎಂಜಿನ್ ಜೋರಾದಂತೆ ವೋಲ್ಟೇಜೂ ಏರುತ್ತದೆ. 12 ವೋಲ್ಟಿನ ಸೀಸದ ಬ್ಯಾಟರಿಗೆ ತುಂಬುವಾಗ ಸುಮಾರು 14.4 ವೋಲ್ಟ್ ಸಾಕು. 15 ದಾಟಿದರೆ ಒಳಗಿನ ನೀರು ಕುದಿದಂತೆ ಅನಿಲವಾಗಿ ಹೋಗುತ್ತದೆ. ಹೀಗಾಗಿ ರೆಗ್ಯುಲೇಟರ್ ಬೇಕಾಯಿತು. ಹಲವು ರೆಗ್ಯುಲೇಟರುಗಳು ಹೆಚ್ಚಾದ ಶಕ್ತಿಯನ್ನು ಶಾಖವಾಗಿಸಿ ಚೆಲ್ಲುತ್ತವೆ. ಅವನ್ನು ಗಾಳಿಯಾಡುವ ಲೋಹದ ಮೈಗೆ ಬಿಗಿಯುವುದು ಅದಕ್ಕಾಗಿಯೇ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚಬಾರದು ಎನ್ನುವುದಕ್ಕೂ ಕಾರಣ ಇದೇ. ಬ್ಯಾಟರಿ ಇರುವವರೆಗೆ ಅದು ವೋಲ್ಟೇಜನ್ನು ಹಿಡಿದಿಡುತ್ತದೆ. ತಪ್ಪಿಸಿದೊಡನೆ ವೋಲ್ಟೇಜು ಹಾರಿ ರೆಕ್ಟಿಫೈಯರನ್ನು ಸುಡಬಹುದು.

ಸಾಧಾರಣ ತಂತಿಯೂ ಮೋಸ ಮಾಡಬಲ್ಲದು. ಮೂರು ಮೀಟರ್ ದೂರದ ಬ್ಯಾಟರಿಗೆ ಹೋಗಿಬರುವ ದಾರಿ ಆರು ಮೀಟರ್. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 5 ಆಂಪಿಯರ್ ಹರಿದರೆ ದಾರಿಯಲ್ಲೇ ಅರ್ಧ ವೋಲ್ಟ್ ಸೋರುತ್ತದೆ. ಎಂಜಿನ್ ದಿನವಿಡೀ ಓಡಿದರೂ ಬ್ಯಾಟರಿ ಪೂರ್ತಿ ತುಂಬಲಿಲ್ಲವೆಂಬ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ. ಎರಡೂವರೆ ಚದರ ಮಿಲಿಮೀಟರಿನ ತಂತಿ ಹಾಕಿದರೆ ಆ ನಷ್ಟ ಕಾಲು ವೋಲ್ಟಿಗಿಂತ ಕಡಿಮೆ.

ಲೆಕ್ಕ ಬದಲಿಸಿದ ದೀಪ

ಸಣ್ಣ ಮೋಟಾರಿನ ಚಾರ್ಜಿಂಗ್ ಕಾಯಿಲ್ ಒಳ್ಳೆಯ ವೇಗದಲ್ಲಿ ಕೊಡುವುದು ಸಾಮಾನ್ಯವಾಗಿ 5 ಆಂಪಿಯರ್ ಆಸುಪಾಸು, ಎಂದರೆ ಸುಮಾರು 60 ವಾಟ್. ನಿಧಾನಕ್ಕೆ ಓಡುವಾಗ ಹೆಚ್ಚೇನೂ ಬರುವುದಿಲ್ಲ. ಹಳೆಯ 35 ವಾಟಿನ ಬಲ್ಬನ್ನು ಆರು ತಾಸು ಉರಿಸಿದರೆ 12 ವೋಲ್ಟಿನ ಬ್ಯಾಟರಿಯಿಂದ ಹದಿನೇಳೂವರೆ ಆಂಪಿಯರ್–ಗಂಟೆ ಖರ್ಚು. ಅದನ್ನು ಮರಳಿಸಲು ಮೋಟಾರು ಮೂರೂವರೆ ತಾಸಿಗೂ ಹೆಚ್ಚು ಜೋರಾಗಿ ಓಡಬೇಕು. ಇದರಿಂದಲೇ ಸಣ್ಣ ದೋಣಿಗೆ ದೀಪವೆಂಬುದು ಶ್ರೀಮಂತಿಕೆಯಾಗಿತ್ತು. 10 ವಾಟಿನ ಎಲ್‌ಇಡಿ ದೀಪ ಅದೇ ಆರು ತಾಸಿಗೆ ತಿನ್ನುವುದು 5 ಆಂಪಿಯರ್–ಗಂಟೆ. ಮೋಟಾರು ತಾಸಿಗಿಂತ ತುಸು ಹೆಚ್ಚು ಓಡಿದರೆ ಸಾಲ ತೀರಿತು. ಕಾಯಿಲ್ ಹಳೆಯದೇ, ಚಕ್ರ ಹಳೆಯದೇ. ಹೊಸ ದೀಪ ಅದರ ಬೆಲೆಯನ್ನು ಏರಿಸಿತು. ಮೊಬೈಲು ಫೋನಿಗೂ ಈಗ ಅಲ್ಲಿಂದಲೇ ಕರೆಂಟು ಕೊಡಬಹುದು. ಕಂಬಗಳೇ ಮುಳುಗಿ ಊರಿಗೆ ಊರೇ ಕತ್ತಲಾದಾಗ ಈ 60 ವಾಟ್ ಅಲ್ಪವೇನಲ್ಲ.

ಆದರೆ ಎವಿನ್‌ರೂಡ್‌ನ ಕಾಲದ ಪಾಠ ಇನ್ನೂ ಹಳತಾಗಿಲ್ಲ. ಬ್ಯಾಟರಿಯನ್ನು ಮೋಟಾರಿನಿಂದ ಅಂದು ಹೊರಗೆ ಹಾಕಿದ್ದು ಅದು ನಂಬಿಕೆಗೆ ತಕ್ಕ ಆಳಲ್ಲ ಎಂಬ ಕಾರಣಕ್ಕೆ. ಇಂದಿನ ಬ್ಯಾಟರಿಯೂ ಆರೈಕೆ ಬೇಡುತ್ತದೆ. ಸೀಸದ ಬ್ಯಾಟರಿ ಸುಮ್ಮನೆ ಇಟ್ಟರೂ ಮೆಲ್ಲಗೆ ಇಳಿಯುತ್ತದೆ. ಇಳಿದದ್ದನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ತುಂಬಿಕೊಳ್ಳುವುದಿಲ್ಲ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಬೇಕು. 12ಕ್ಕಿಂತ ಕೆಳಗಿಳಿದರೆ ಅದು ಬರಿದಾಗುತ್ತಿದೆ ಎಂದೇ ಅರ್ಥ.

ಕರಾವಳಿಯ ಮೀನುಗಾರನ ದೋಣಿ ಋತುವಿನುದ್ದಕ್ಕೂ ದಿನವೂ ದುಡಿಯುತ್ತದೆ, ಅದರ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಪ್ರವಾಹಕ್ಕೆಂದು ತೆಗೆದಿಟ್ಟ ದೋಣಿಗೆ ಆ ಭಾಗ್ಯವಿಲ್ಲ. 2005ರ ಬಳಿಕ 2019, ಅದರ ಬಳಿಕ 2021. ನಡುವಿನ ವರ್ಷಗಳಲ್ಲಿ ಅದು ಗೋದಾಮಿನಲ್ಲಿ ಮಲಗಿದರೆ, ಕರೆ ಬಂದ ರಾತ್ರಿ ಹಗ್ಗ ಎಳೆದಾಗ ಮೋಟಾರು ಎದ್ದೀತು, ದೀಪ ಏಳುವುದು ಸಂಶಯ. ತಿಂಗಳಿಗೊಮ್ಮೆ ಚಾರ್ಜ್ ಮಾಡುವ ಒಬ್ಬ ಆಳು, ಹತ್ತು ರೂಪಾಯಿಯ ಫ್ಯೂಸು, ಸರಿಯಾದ ದಪ್ಪದ ತಂತಿ, ಇಷ್ಟಿದ್ದರೆ ಸಾಕು. ಮಿರಗ ಮಳೆಗೆ ಮುಂಚೆ ರೈತ ಕೂರಿಗೆಯ ತಾಳು ನೋಡಿಕೊಳ್ಳುತ್ತಾನೆ. ಹೊಳೆದಂಡೆಯ ಊರುಗಳು ಆ ದಿನಗಳಲ್ಲೇ ದೋಣಿಯ ಬ್ಯಾಟರಿಗೂ ಒಮ್ಮೆ ಮೀಟರ್ ಹಿಡಿದರೆ, ಮುಂದಿನ ಸಲ ತೋಟದ ವಸ್ತಿಯ ಮಾಳಿಗೆ ಹತ್ತಿ ಕುಳಿತವರಿಗೆ ದೋಣಿಯ ಸದ್ದಿನ ಜೊತೆಗೆ ಅದರ ಬೆಳಕೂ ಕಂಡೀತು.