ಗುಟ್ಟಿನ ಪದದ ಕಾವಲು

ಕಂಪ್ಯೂಟರಿನ ಪಾಸ್‌ವರ್ಡಿಗೆ 60 ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡನ್ನು ತೋರಿಸಿಕೊಟ್ಟರು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕದಂತೆ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದ ಬಂತು. ಬೀಗವೇನೋ ಬಿತ್ತು, ಬೀಗದ ಕೈಗಳ ಗೊಂಚಲು ಮಾತ್ರ ಬಯಲಿನಲ್ಲೇ ಉಳಿಯಿತು! ಪದಗಳೆಲ್ಲವೂ ಒಂದೇ ಕಡತದಲ್ಲಿ, ಮರೆಮಾಚದೆ ಇದ್ದ ಹಾಗೆಯೇ ಇದ್ದವು. 1962ರಲ್ಲಿ, ತಮ್ಮ ಪಾಲಿನ ಯಂತ್ರಕಾಲ ಸಾಲದೆ, ಸಂಶೋಧಕ ಅಲನ್ ಶೆರ್ ಆ ಕಡತವನ್ನೇ ಅಚ್ಚುಹಾಕಿಸಿಕೊಂಡರು. 1966ರಲ್ಲಿ ಕಡತಗಳು ಅದಲುಬದಲಾಗಿ, ದಿನದ ಪ್ರಕಟಣೆಯ ಜಾಗದಲ್ಲಿ ಎಲ್ಲರ ಗುಟ್ಟೂ ಎಲ್ಲರಿಗೂ ಕಾಣಿಸಿತು.

ಪದವನ್ನು ಇಡದೆ, ಅದರಿಂದ ಗಣಿಸಿದ ಗುರುತನ್ನಷ್ಟೇ ಇಡುವ ಉಪಾಯ ಆಮೇಲಿನದು. 1979ರಲ್ಲಿ ರಾಬರ್ಟ್ ಮಾರಿಸ್, ಕೆನ್ ಥಾಂಪ್ಸನ್ ಅದನ್ನು ವಿವರಿಸಿ ಬರೆದರು. ಆನ್‌ಲೈನ್ ಅರ್ಜಿ ತುಂಬುವ ನಮಗೂ ಈ ನೀತಿ ಸಲ್ಲುತ್ತದೆ: ಗುಟ್ಟು ಕೇಳುವ ಕಾವಲುಗಾರ ಅದನ್ನು ತನ್ನ ಬಳಿ ಬರೆದಿಟ್ಟುಕೊಳ್ಳಬಾರದು.